‘ನೀನು ನಿದ್ದೆಯಲ್ಲಿದ್ದೀಯ’ ಎನ್ನುವ ಗಂಡ, ಉಕ್ಕಿಹೋದ ಹಾಲು ಮತ್ತು ಗುರ್ಜೀಫ್

ಪ್ರಶ್ನೆ: ನಮ್ಮ ಮನೆಯವರಿಗೆ 41 ವರ್ಷ. ಒಂದೂವರೆ ವರ್ಷದ ಹಿಂದೆ ಯಾರೋ ಗೆಳೆಯರು ಗುರ್ಜೀಫ್ ಎಂಬ ಗುರುವಿನ ಬಗ್ಗೆ ಒಂದು ಪುಸ್ತಕ ಕೊಟ್ಟರು. ಈಗ ವಾರಕ್ಕೆ ಎರಡು ಸಂಜೆ ಒಂದು ಗುಂಪಿಗೆ ಹೋಗುತ್ತಾರೆ, ಸಂಬಳದ ಹತ್ತಿರ ಹತ್ತಿರ ಕಾಲು ಭಾಗ ಅಲ್ಲಿಗೇ ಹೋಗುತ್ತದೆ. ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. ಮಗಳು ಕರೆದರೆ ಐದಾರು ಸೆಕೆಂಡ್ ತಡೆದು ಆಮೇಲೆ ತಿರುಗುತ್ತಾರೆ. ನಾನು ಏನಾದರೂ ಹೇಳಿದರೆ ‘ನೀನು ನಿದ್ದೆಯಲ್ಲಿದ್ದೀಯ, ನೀನೊಂದು ಯಂತ್ರ’ ಎನ್ನುತ್ತಾರೆ. ಮೊನ್ನೆ ಕೈಯಲ್ಲಿ ಸೌಟು ಹಿಡಿದು ಒಲೆ ಮುಂದೆ ಕಲ್ಲಿನ ಹಾಗೆ ನಿಂತುಬಿಟ್ಟರು. ಎದುರಿಗೇ ಹಾಲು ಉಕ್ಕಿ ಒಲೆಯೆಲ್ಲಾ ಹರಿಯಿತು. ಕೇಳಿದರೆ ‘ಸ್ಟಾಪ್ ಅಭ್ಯಾಸ’ ಅಂದರು. ಈ ಗುರ್ಜೀಫ್ ಒಬ್ಬ ಲೇಖಕಿಯನ್ನು ಕೊಂದವನು ಎಂದು ಎಲ್ಲೋ ಓದಿದೆ. ಇವರಿಗೆ ಹುಚ್ಚು ಹಿಡಿಯುತ್ತಿದೆಯಾ? ಪುಸ್ತಕಗಳನ್ನೆಲ್ಲಾ ಎಸೆದುಬಿಡಲಾ?

ಉತ್ತರ: ಪುಸ್ತಕ ಎಸೆಯಬೇಡಿ. ಅದೊಂದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಮೂರು ಭಯ ಒಂದಕ್ಕೊಂದು ಸಿಕ್ಕಿಹಾಕಿಕೊಂಡಿವೆ. ಗಂಡನ ತಲೆ ಕೆಡುತ್ತಿದೆಯಾ, ಆ ಗುರು ಮೋಸಗಾರನಾ, ಆ ಗುಂಪು ಅಪಾಯದ್ದಾ. ಇವು ಬೇರೆ ಬೇರೆ ಪ್ರಶ್ನೆಗಳು. ಗುರು ಒಳ್ಳೆಯವನಿದ್ದು ಗುಂಪು ಕೆಟ್ಟದ್ದಿರಬಹುದು, ಗುಂಪು ಪರವಾಗಿಲ್ಲ ಅನ್ನುವಂತಿದ್ದರೂ ನಿಮ್ಮ ಮನೆಯವರಿಗೆ ಆ ಅಭ್ಯಾಸ ಆಗಿಬರದೇ ಇರಬಹುದು. ನಾನು ಮನೋವೈದ್ಯ. ಜೊತೆಗೆ ಓದುವ ದಿನಗಳಲ್ಲಿ ಗುರ್ಜೀಫ್‌ನ ಹುಚ್ಚು ನನಗೂ ಒಂದೆರಡು ವರ್ಷ ಹಿಡಿದಿತ್ತು. ಹಾಗಾಗಿ ನನ್ನ ಮಾತಿನಲ್ಲಿ ಸ್ವಲ್ಪ ಪ್ರೀತಿಯೂ ಇದ್ದೀತು, ಸ್ವಲ್ಪ ಸಿಟ್ಟೂ ಇದ್ದೀತು.

ಮೊದಲು ಆಸಾಮಿ ಯಾರು ಅಂತ ನೋಡೋಣ. ಗುರ್ಜೀಫ್ ಹುಟ್ಟಿದ್ದು ಆಗಿನ ರಷ್ಯಾ ಸಾಮ್ರಾಜ್ಯದ ಅಲೆಕ್ಸಾಂಡ್ರೊಪೋಲ್‌ನಲ್ಲಿ, ಈಗ ಅದು ಅರ್ಮೇನಿಯಾದ ಗ್ಯುಮ್ರಿ. ಹುಟ್ಟಿದ ವರ್ಷದ ಬಗ್ಗೆ ಇವತ್ತಿಗೂ ಜಗಳ: 1866 ಎನ್ನುವವರಿದ್ದಾರೆ, 1877 ಎನ್ನುವವರೂ ಇದ್ದಾರೆ. ಅಪ್ಪ ಗ್ರೀಕ್, ಪದ ಕಟ್ಟಿ ಹಾಡುವವನು. ಅಮ್ಮ ಅರ್ಮೇನಿಯಾದವಳು. 1912ರ ಹೊತ್ತಿಗೆ ಮಾಸ್ಕೋದಲ್ಲಿ ಗುರುವಾಗಿ ಕಾಣಿಸಿಕೊಂಡ. ಅದಕ್ಕೂ ಹಿಂದಿನ ಇಪ್ಪತ್ತು ವರ್ಷಕ್ಕೆ ಅವನು ಹೇಳಿದ್ದೇ ಕಥೆ. ಮಧ್ಯ ಏಷ್ಯಾ, ಟಿಬೆಟ್, ಗುಪ್ತ ಮಠಗಳು, ಸರ್ಮೂಂಗ್ ಎಂಬ ಪುರಾತನ ಸಂಘ. ಆ ಸಂಘ ಇತ್ತು ಅನ್ನುವುದಕ್ಕೆ ಅವನ ಮಾತು ಬಿಟ್ಟರೆ ಗಟ್ಟಿ ಪುರಾವೆ ಇಲ್ಲ. ಸ್ಟಾಲಿನ್ ಜೊತೆ ಓದಿದವನು ಅನ್ನುವುದೂ ಇದೇ ಜಾತಿಯ ಮಾತು, ಬಿಟ್ಟುಬಿಡಿ.

ಆದರೆ ಅವನು ತನ್ನ ಬಗ್ಗೆ ತಾನೇ ಬರೆದುಕೊಂಡ ಒಂದು ಕಥೆ ನನಗೆ ತುಂಬಾ ಇಷ್ಟ. ಯೌವನದಲ್ಲಿ ಸಮರ್ಕಂದ್‌ನಲ್ಲಿ ಕೈಯಲ್ಲಿ ಕಾಸಿಲ್ಲ. ಗುಬ್ಬಿಗಳನ್ನು ಹಿಡಿದು, ರೆಕ್ಕೆ ಕತ್ತರಿಸಿ, ಬಣ್ಣ ಹಚ್ಚಿ, ‘ಅಮೆರಿಕದ ಕ್ಯಾನರಿ’ ಎಂದು ಪಂಜರದಲ್ಲಿಟ್ಟು ಮಾರಿದನಂತೆ. ಮಳೆ ಬಂದರೆ, ಇಲ್ಲಾ ಹಕ್ಕಿ ನೀರಿಗೆ ಇಳಿದರೆ ಬಣ್ಣ ಬಿಡುತ್ತದೆ ಅಂತ ಆಮೇಲೆ ಊರು ಖಾಲಿ ಮಾಡಿದ್ದೂ ಆಯಿತು. ಇದನ್ನು ಮುಚ್ಚಿಟ್ಟಿಲ್ಲ, ಹೆಮ್ಮೆಯಿಂದಲೇ ಬರೆದಿದ್ದಾನೆ. ಅವನನ್ನು ಬರೀ ಮಹಾತ್ಮ ಅನ್ನುವವರು ಈ ಗುಬ್ಬಿಯನ್ನು ಮರೆಯುತ್ತಾರೆ, ಬರೀ ಕಳ್ಳ ಅನ್ನುವವರು ಇದನ್ನು ಅವನೇ ಹೇಳಿದ್ದು ಅನ್ನುವುದನ್ನು ಮರೆಯುತ್ತಾರೆ.

ಈಗ ಆ ‘ಕೊಲೆ’. ನೀವು ಓದಿದ್ದು ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ ಬಗ್ಗೆ, ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ ದೊಡ್ಡ ಕಥೆಗಾರ್ತಿ. ರಷ್ಯಾದ ಕ್ರಾಂತಿಯಿಂದ ತಪ್ಪಿಸಿಕೊಂಡ ಗುರ್ಜೀಫ್ ಕಾಕಸಸ್, ಟಿಬಿಲಿಸಿ, ಕಾನ್‌ಸ್ಟಾಂಟಿನೋಪಲ್, ಬರ್ಲಿನ್ ಎಲ್ಲಾ ಸುತ್ತಿ 1922ರಲ್ಲಿ ಪ್ಯಾರಿಸ್ ಹತ್ತಿರದ ಫಾಂಟೆನ್‌ಬ್ಲೋದಲ್ಲಿ ಒಂದು ಹಳೇ ದೊಡ್ಡ ಬಂಗಲೆ ಹಿಡಿದು ಆಶ್ರಮದಂಥದ್ದು ಶುರು ಮಾಡಿದ. ಅದೇ ಅಕ್ಟೋಬರ್‌ನಲ್ಲಿ ಆಕೆ ಬಂದರು. ಆಗಲೇ ಕ್ಷಯ ವಿಪರೀತವಾಗಿತ್ತು, 1918ರಿಂದಲೇ ಕೆಮ್ಮಿದರೆ ರಕ್ತ. ಗುಲ್ಮಕ್ಕೆ ಎಕ್ಸ್‌ರೇ ಹಾಯಿಸುವ ಒಂದು ಚಿಕಿತ್ಸೆಯನ್ನೂ ಪ್ಯಾರಿಸ್‌ನಲ್ಲಿ ಮಾಡಿಸಿಕೊಂಡು ಸೋತಿದ್ದರು. ಗುರ್ಜೀಫ್ ಆಕೆಗೆ ಕೊಟ್ಟಿಗೆಯ ಮೇಲೊಂದು ಅಟ್ಟ ಕಟ್ಟಿಸಿ, ಹಸುಗಳ ಉಸಿರು ಒಳ್ಳೆಯದು ಅಂತ ಅಲ್ಲಿ ಕೂರಿಸುತ್ತಿದ್ದ. 1923ರ ಜನವರಿ 9ರಂದು ಗಂಡ ನೋಡಲು ಬಂದಿದ್ದರು. ಆ ರಾತ್ರಿ ಮೆಟ್ಟಿಲು ಹತ್ತುವಾಗ ರಕ್ತ ಕಾರಿ ತೀರಿಕೊಂಡರು, 34 ವರ್ಷ. ಕ್ಷಯಕ್ಕೆ ಕೆಲಸ ಮಾಡುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಕೊಂದ ಅನ್ನುವುದು ಸುಳ್ಳು. ಕೊಟ್ಟಿಗೆಯ ಗಾಳಿ ವಾಸಿ ಮಾಡುತ್ತದೆ ಅನ್ನುವುದೂ ಅಷ್ಟೇ ಸುಳ್ಳು. ಸಾಯುವವಳೆಂದು ಗೊತ್ತಿದ್ದೂ ಜಾಗ ಕೊಟ್ಟ ಅನ್ನುವುದು ನಿಜ.

ಇನ್ನೊಂದು ತಪ್ಪು ಕಲ್ಪನೆ ಹೇಳಿ ಮುಂದೆ ಹೋಗುತ್ತೇನೆ. ಒಂಬತ್ತು ಮೂಲೆಯ ಎನಿಯಾಗ್ರಾಮ್ ಚಿತ್ರ ತೋರಿಸಿ ‘ನಿಮ್ಮ ಹೆಂಡತಿ ಆರನೇ ನಂಬರ್ ಸ್ವಭಾವದವರು’ ಅಂತ ಆ ಗುಂಪಿನಲ್ಲಿ ಯಾರಾದರೂ ಹೇಳಿದ್ದರೆ ಅದು ಗುರ್ಜೀಫ್ ಅಲ್ಲ. ಚಿತ್ರ ಅವನಿಂದ ಬಂದದ್ದು ಹೌದು. ಸ್ವಭಾವದ ಒಂಬತ್ತು ವಿಧ ಅನ್ನುವುದನ್ನು ಸೇರಿಸಿದವರು ಎಷ್ಟೋ ವರ್ಷದ ನಂತರ ಬಂದ ಒಸ್ಕರ್ ಇಚಾಜೊ ಮತ್ತು ಕ್ಲಾಡಿಯೊ ನರಾಂಹೊ.

ಸರಿ, ‘ನಿದ್ದೆ’ ವಿಷಯಕ್ಕೆ ಬರೋಣ, ನಿಮ್ಮನ್ನು ಚುಚ್ಚಿದ ಮಾತು ಅದು ತಾನೇ?

ಗುರ್ಜೀಫ್ ಹೇಳಿದ್ದರ ತಿರುಳು ಇಷ್ಟು. ನಾವು ಎದ್ದಿದ್ದೇವೆ ಅಂದುಕೊಂಡಿದ್ದೇವೆ, ಆದರೆ ಮಾತು, ಸಿಟ್ಟು, ಓಡಾಟ ಎಲ್ಲಾ ತನ್ನಷ್ಟಕ್ಕೆ ನಡೆಯುತ್ತಿದೆ. ‘ನಾನು’ ಅನ್ನುವುದು ಒಂದಲ್ಲ, ನೂರಾರು. ರಾತ್ರಿ ‘ನಾಳೆ ಐದಕ್ಕೆ ಏಳುತ್ತೇನೆ’ ಎಂದ ‘ನಾನು’ ಬೇರೆ, ಬೆಳಿಗ್ಗೆ ಅಲಾರಂ ತಲೆ ಮೇಲೆ ಹೊಡೆದು ಮಲಗುವ ‘ನಾನು’ ಬೇರೆ. ಅದಕ್ಕೆ ಅವನು ಕೊಡುವ ಹೋಲಿಕೆ ಬಾಡಿಗೆ ಗಾಡಿಯದು, ನಮ್ಮ ಜಟಕಾ ಅನ್ನಿ. ಗಾಡಿ ಅಂದರೆ ಮೈ, ಕುದುರೆ ಅಂದರೆ ಭಾವನೆ, ಗಾಡಿಯವನು ಬುದ್ಧಿ. (ಜಟಕಾ ಅಂದ ಕೂಡಲೇ ಕನ್ನಡದವರಿಗೆ ಬೇರೊಂದು ಸಾಲು ನೆನಪಾಗುತ್ತದೆ, ಅಲ್ಲಿ ಲಗಾಮು ಹಿಡಿದವನು ವಿಧಿ.) ಕಠೋಪನಿಷತ್ತಿನ ರಥವೂ ಹೆಚ್ಚುಕಡಿಮೆ ಇಂಥದ್ದೇ ಅಲ್ವಾ, ಆದರೆ ಒಂದು ವ್ಯತ್ಯಾಸ ಇದೆ. ಉಪನಿಷತ್ತಿನ ರಥದಲ್ಲಿ ಒಡೆಯ ಕೂತಿದ್ದಾನೆ. ಗುರ್ಜೀಫ್‌ನ ಜಟಕಾದಲ್ಲಿ ಒಡೆಯ ಇಲ್ಲ. ದಾರಿಯಲ್ಲಿ ಯಾರು ಕೈ ತೋರಿಸಿದರೆ ಅವರು ಹತ್ತಿ ಕೂರುತ್ತಾರೆ, ಸ್ವಲ್ಪ ದೂರಕ್ಕೆ ಅವರೇ ಯಜಮಾನರು.

ಇದರಲ್ಲಿ ಹುಚ್ಚೇನೂ ಇಲ್ಲ. ಅವನ ಶಿಷ್ಯ ಉಸ್ಪೆನ್‌ಸ್ಕಿ ಒಂದು ಪ್ರಯೋಗ ಹೇಳುತ್ತಿದ್ದ. ಗಡಿಯಾರದ ಸೆಕೆಂಡ್ ಮುಳ್ಳು ನೋಡುತ್ತಾ ‘ನಾನು ಇಂಥವನು, ಈಗ ಇಲ್ಲಿದ್ದೇನೆ’ ಅನ್ನುವ ಅರಿವನ್ನು ಹಿಡಿದಿಟ್ಟುಕೊಳ್ಳಿ. ನೀವೂ ಇವತ್ತು ಮಾಡಿ ನೋಡಿ. ಎರಡು ನಿಮಿಷ ಆಗುವ ಮೊದಲೇ ಬಾಕಿ ಬಿಲ್ಲೋ, ಮಗಳ ಪರೀಕ್ಷೆಯೋ ಹತ್ತಿ ಕೂತಿರುತ್ತದೆ. ಈ ಉಸ್ಪೆನ್‌ಸ್ಕಿ ಒಮ್ಮೆ ಪೀಟರ್ಸ್‌ಬರ್ಗ್‌ನ ಬೀದಿಯಲ್ಲಿ ಇದೇ ಅಭ್ಯಾಸ ಮಾಡುತ್ತಾ ನಡೆದ. ಸಿಗರೇಟು ಹೇಳಿಬರೋಣ ಅಂತ ಅಂಗಡಿಗೆ ಹೋದ. ಎರಡು ಗಂಟೆ ಕಳೆದ ಮೇಲೆ, ಇನ್ನೂ ಎಷ್ಟೋ ಕೆಲಸ ಮಾಡಿ ಮುಗಿಸಿ ಗಾಡಿಯಲ್ಲಿ ಹೋಗುವಾಗ ಥಟ್ಟನೆ ನೆನಪಾಯಿತಂತೆ, ಅಯ್ಯೋ, ನಾನು ನನ್ನನ್ನು ಮರೆತೇಬಿಟ್ಟಿದ್ದೆ ಅಂತ. ಮನಸ್ಸು ಅಲೆಯುವುದರ ಬಗ್ಗೆ 2010ರಲ್ಲಿ ಹಾರ್ವರ್ಡ್‌ನ ಇಬ್ಬರು ಮನಶ್ಶಾಸ್ತ್ರಜ್ಞರು 2,250 ಜನರನ್ನು ಫೋನ್ ಮೂಲಕ ಆಗಾಗ ಕೇಳಿ ನೋಡಿದರು. ಎದ್ದಿರುವ ಹೊತ್ತಿನಲ್ಲಿ ಶೇ 47ರಷ್ಟು ಸಮಯ ಮನಸ್ಸು ಮಾಡುತ್ತಿರುವ ಕೆಲಸದಲ್ಲಿ ಇರುವುದಿಲ್ಲ ಅಂತ ಬಂತು.

ಹಾಗಾದರೆ ನಿಮ್ಮ ಮನೆಯವರು ಹೇಳಿದ್ದು ಸರಿ ಅಂತಾಯಿತಾ? ಅರ್ಧ ಸರಿ. ನೀವು ನಿದ್ದೆಯಲ್ಲಿದ್ದೀರಿ, ನಾನೂ, ಅವರೂ. ಗುರ್ಜೀಫ್ ಈ ಮಾತು ಹೇಳಿದ್ದು ಮನುಷ್ಯ ತನ್ನನ್ನು ನೋಡಿಕೊಳ್ಳಲಿ ಅಂತ. ಹೆಂಡತಿಯ ಕಡೆ ಬೆರಳು ತೋರಿಸಿ ‘ನೀನು ಯಂತ್ರ’ ಅನ್ನುವುದು, ಅದೇ ಲೆಕ್ಕದಲ್ಲಿ, ಪಕ್ಕಾ ಯಂತ್ರದ ಕೆಲಸ. ಹೊಸದಾಗಿ ಈ ದಾರಿ ಹಿಡಿದವರಲ್ಲಿ ಇದು ತುಂಬಾ ಸಾಮಾನ್ಯ, ನಾನೂ ಮಾಡಿದ್ದೆ, ನನ್ನ ಅಕ್ಕ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು. ಹೊಸ ಕನ್ನಡಕ ಬಂದಾಗ ಎಲ್ಲರ ಮುಖದ ಕಲೆ ಕಾಣುತ್ತದೆ, ತನ್ನ ಮುಖ ಕಾಣುವುದಿಲ್ಲ.

ಯಾಕೆ ಇವರಿಗೆ ಇಷ್ಟು ಹಿಡಿಸಿತು ಅನ್ನುವುದು ನನಗೆ ಗೊತ್ತಿಲ್ಲ, ಆದರೆ ನನ್ನ ಹತ್ತಿರ ಬರುವವರಲ್ಲಿ ಒಂದು ವಿಷಯ ಪದೇಪದೇ ನೋಡಿದ್ದೇನೆ. ನಲವತ್ತರ ಆಸುಪಾಸು, ಕೆಲಸ ಚೆನ್ನಾಗಿಯೇ ಇದೆ, ಒಂದು ದಿನ ಕಾರು ನಿಲ್ಲಿಸಿದಾಗ ಇಲ್ಲಿಗೆ ಹೇಗೆ ಬಂದೆ ಅನ್ನುವುದೇ ನೆನಪಿರುವುದಿಲ್ಲ. ಹತ್ತು ವರ್ಷವೂ ಹೀಗೇ ಕಳೆಯಿತಲ್ಲಾ ಅನಿಸುತ್ತದೆ. ಆ ಹೊತ್ತಿಗೆ ಯಾರಾದರೂ ‘ನೀನು ನಿದ್ದೆಯಲ್ಲಿದ್ದೆ’ ಅಂದರೆ ಅದು ಬೈಗುಳ ಅನಿಸುವುದಿಲ್ಲ, ಕೊನೆಗೂ ಯಾರೋ ಅರ್ಥ ಮಾಡಿಕೊಂಡರು ಅನಿಸುತ್ತದೆ. ಅದೂ ಅಲ್ಲದೆ ಈ ದಾರಿಗೆ ಕಾವಿ ಬೇಡ, ಕಾಡು ಬೇಡ. ಫಕೀರನ ದಾರಿ, ಸನ್ಯಾಸಿಯ ದಾರಿ, ಯೋಗಿಯ ದಾರಿ ಮೂರನ್ನೂ ಬಿಟ್ಟು ಸಂಸಾರದ ನಡುವೆಯೇ ನಡೆಯುವ ‘ನಾಲ್ಕನೇ ದಾರಿ’ ಅಂತ ಅದರ ಹೆಸರು. ನಮ್ಮಲ್ಲಿ ಹಲವರಿಗೆ ಇದು ತಲುಪಿದ್ದು ಓಶೋ ಭಾಷಣಗಳ ಮೂಲಕ. ಕುಂಡಲಿನಿಯನ್ನೇ ಗುರ್ಜೀಫ್ ‘ಮನುಷ್ಯನನ್ನು ಭ್ರಮೆಯಲ್ಲಿ ಇಡುವ ಶಕ್ತಿ’ ಅಂತ ಗೇಲಿ ಮಾಡಿದ್ದು ಗೊತ್ತಾದರೆ ಕೆಲವರು ಮುನಿಸಿಕೊಳ್ಳುತ್ತಾರೆ, ಇರಲಿ.

ಈಗ ಹಾಲು. ಸ್ಟಾಪ್ ಅಭ್ಯಾಸ ನಿಜಕ್ಕೂ ಗುರ್ಜೀಫ್‌ನದೇ. ಗುರು ‘ಸ್ಟಾಪ್’ ಅಂದ ಕ್ಷಣ ಹೇಗಿದ್ದರೆ ಹಾಗೇ ನಿಲ್ಲಬೇಕು, ನೋಟವೂ ಕದಲಬಾರದು. ಆಗ ನಮ್ಮ ಅಭ್ಯಾಸದ ಭಂಗಿಗಳ ನಡುವೆ ಸಿಕ್ಕಿಬಿದ್ದ ಮೈ ಮನಸ್ಸು ಕಣ್ಣಿಗೆ ಬೀಳುತ್ತವೆ ಅನ್ನುವುದು ವಾದ. ಆದರೆ ಇದನ್ನು ಗಮನಿಸಿ: ಈ ಆಜ್ಞೆಯನ್ನು ಯಾರೂ ತನಗೆ ತಾನೇ ಕೊಟ್ಟುಕೊಳ್ಳಲು ಆಗುವುದಿಲ್ಲ, ಹೊರಗಿನಿಂದಲೇ ಬರಬೇಕು ಅಂತ ಅವನೇ ಹೇಳಿದ್ದು ದಾಖಲಾಗಿದೆ. ಅಂದರೆ ಒಲೆ ಮುಂದೆ ಒಬ್ಬರೇ ನಿಂತದ್ದು ಅವರ ಪುಸ್ತಕದ ಪ್ರಕಾರವೂ ಸ್ಟಾಪ್ ಅಲ್ಲ. ಸುಮ್ನೆ ನಿಂತದ್ದು.

ಜೊತೆಗೆ ಅವನು ಹೇಳಿದ ಒಂದು ಘಟನೆ ಇದೆ, ನನಗೆ ಅದು ಆಗಲೂ ಸರಿ ಬರಲಿಲ್ಲ, ಈಗಲೂ ಇಲ್ಲ. ಮಧ್ಯ ಏಷ್ಯಾದಲ್ಲಿ ಮೂವರು ಕಾಲುವೆ ದಾಟಿ ಸಾಮಾನು ಸಾಗಿಸುವಾಗ ಗುಡಾರದೊಳಗಿಂದ ಗುರು ‘ಸ್ಟಾಪ್’ ಅಂದ. ಇಬ್ಬರು ದಡ ಹತ್ತಿದ್ದರು, ಒಬ್ಬ ಇನ್ನೂ ನೀರಿನಲ್ಲಿದ್ದ. ಅಷ್ಟರಲ್ಲಿ ದೂರದಲ್ಲಿ ಯಾರೋ ಕಾಲುವೆಗೆ ಇನ್ನಷ್ಟು ನೀರು ಬಿಟ್ಟರು. ನೀರು ಏರುತ್ತಾ ಬಂದು ಅವನ ತಲೆ ಮುಳುಗಿದರೂ ಮೂವರಲ್ಲಿ ಯಾರೂ ಕದಲಲಿಲ್ಲ. ಕೊನೆಗೆ ಗುರು ‘ಸಾಕು’ ಅಂದ ಮೇಲೆ ದಡದಲ್ಲಿದ್ದವರು ನೀರಿಗೆ ಹಾರಿ ಅವನನ್ನು ಎಳೆದು ತಂದರು. ಇದನ್ನು ಶ್ರದ್ಧೆಯ ಕಥೆ ಅಂತ ಹೇಳುತ್ತಾರೆ. ನಾನು ಓದುವಾಗ ನೋಡುವುದು ಗೆಳೆಯ ಮುಳುಗುತ್ತಿದ್ದರೂ ದಡದಲ್ಲಿ ಸುಮ್ಮನೆ ನಿಂತ ಆ ಇಬ್ಬರನ್ನು. ಅವರಿಗೆ ಎಚ್ಚರ ಇತ್ತು ಅಂತ ಹೇಗೆ ಹೇಳುತ್ತೀರಿ?

ಗುರ್ಜೀಫ್‌ನ ವಿಚಾರದಲ್ಲಿ ಬಿರುಕು ಇರುವುದೇ ಇಲ್ಲಿ. ಒಂದು ಕಡೆ ‘ಏನನ್ನೂ ನಂಬಬೇಡ, ನೀನೇ ಪರೀಕ್ಷಿಸಿ ನೋಡು’ ಅನ್ನುತ್ತಾನೆ. ಇನ್ನೊಂದು ಕಡೆ ‘ನಿದ್ದೆಯಲ್ಲಿರುವವನು ತಾನೇ ಏಳಲಾರ, ಎಚ್ಚರ ಇರುವವನ ಮಾತು ಕೇಳಬೇಕು’ ಅನ್ನುತ್ತಾನೆ. ನಿದ್ದೆಯಲ್ಲಿರುವ ನನಗೆ ಎಚ್ಚರ ಇರುವವನು ಯಾರು ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ಅವನಲ್ಲಿ ನನಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ. ಆ ಬಿರುಕಿನೊಳಗೆ ಒಳ್ಳೆಯ ಗುರುಗಳೂ ಹೊಕ್ಕಿದ್ದಾರೆ, ಕಳ್ಳರೂ ಹೊಕ್ಕಿದ್ದಾರೆ. ಅವನು 1949ರಲ್ಲಿ ತೀರಿಕೊಂಡ ಮೇಲೆ ಹತ್ತಿರದ ಶಿಷ್ಯೆ ಜಾನ್ ದ ಸಾಲ್ಜ್‌ಮನ್ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಮುಂತಾದ ಕಡೆ ಸಂಸ್ಥೆಗಳನ್ನು ಕಟ್ಟಿ ನಡೆಸಿದರು. ಅವುಗಳ ಹೊರಗೆ ಯಾರು ಬೇಕಾದರೂ ‘ನಾಲ್ಕನೇ ದಾರಿ’ ಅಂತ ಬೋರ್ಡ್ ಹಾಕಬಹುದು. ಕೇಳುವವರಿಲ್ಲ.

ಗುರ್ಜೀಫ್ ತಾನೂ ಮೆತ್ತಗಿನವನಲ್ಲ. ನ್ಯೂಯಾರ್ಕ್‌ನ ಗುಂಪನ್ನು ಆರೇಜ್ ಎಂಬ ಇಂಗ್ಲಿಷ್ ಸಂಪಾದಕರು ವರ್ಷಗಟ್ಟಲೆ ನಡೆಸಿ, ಹಣ ಎತ್ತಿ ಫ್ರಾನ್ಸಿಗೆ ಕಳಿಸುತ್ತಿದ್ದರು. 1930ರ ಕೊನೆಗೆ ಗುರ್ಜೀಫ್ ಅಲ್ಲಿಗೆ ಹೋಗಿ, ಇನ್ನು ಆರೇಜ್ ಜೊತೆ ಯಾವ ಸಂಬಂಧವನ್ನೂ ಇಟ್ಟುಕೊಳ್ಳುವುದಿಲ್ಲ ಅಂತ ಶಿಷ್ಯರಿಂದ ಸಹಿ ಕೇಳಿದ. ಊರಲ್ಲಿಲ್ಲದ ಆರೇಜ್ ವಾಪಸ್ ಬಂದವರು ಏನು ಮಾಡಿದರು ಗೊತ್ತಾ, ಆ ಕಾಗದಕ್ಕೆ ತಾವೂ ಸಹಿ ಹಾಕಿದರು. ಇದನ್ನು ಶಿಷ್ಯರು ಮಹಾ ಪಾಠ ಅಂತ ವಿವರಿಸುತ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ ಯಾರಾದರೂ ‘ನಮ್ಮ ಗುರುಗಳು ಗೆಳೆಯರ ಜೊತೆ ಮಾತು ಬಿಡಿ ಅಂತ ಬರೆಸಿಕೊಂಡರು’ ಅಂದರೆ ನಾನು ಪೆನ್ನು ಕೆಳಗಿಟ್ಟು ಇನ್ನೂ ಹತ್ತು ಪ್ರಶ್ನೆ ಕೇಳುತ್ತೇನೆ.

ನಿಮ್ಮವರ ಗುಂಪಿನ ಬಗ್ಗೆ ನೀವು ತಿಳಿದುಕೊಳ್ಳಬೇಕಾದದ್ದೂ ಅದೇ. ಮಧ್ಯದಲ್ಲಿ ಆರು ತಿಂಗಳು ಬಿಟ್ಟವರನ್ನು ಹೇಗೆ ನೋಡುತ್ತಾರೆ? ಹಣದ ಲೆಕ್ಕ ಕೇಳಿದರೆ ಕಾಗದ ತೋರಿಸುತ್ತಾರಾ, ಇಲ್ಲಾ ‘ಇದು ನಿನ್ನ ಯಾಂತ್ರಿಕ ಅನುಮಾನ’ ಅನ್ನುತ್ತಾರಾ? ಗುರು ತಪ್ಪು ಮಾಡಿದ್ದು ಯಾರಿಗಾದರೂ ನೆನಪಿದೆಯಾ? ಇದನ್ನು ಆರೋಪದ ಹಾಗೆ ಕೇಳಬೇಡಿ. ಒಂದು ಸಂಜೆ ಅವರಿಗೆ ಗುರ್ಜೀಫ್‌ನ ಕುರಿ ಕಥೆ ಹೇಳಲು ಹೇಳಿ, ಖುಷಿಯಿಂದ ಹೇಳುತ್ತಾರೆ. ಜಿಪುಣ ಮಾಂತ್ರಿಕನೊಬ್ಬನಿಗೆ ಬೇಲಿ ಹಾಕಲು, ಕುರುಬರನ್ನು ಇಡಲು ಮನಸ್ಸಿಲ್ಲ. ಅದಕ್ಕೆ ಕುರಿಗಳಿಗೆ ಮಂಕುಬೂದಿ ಎರಚಿದ: ನಿಮಗೆ ಸಾವಿಲ್ಲ, ಚರ್ಮ ಸುಲಿದರೂ ನಿಮಗೆ ಒಳ್ಳೆಯದೇ, ನಾನು ನಿಮ್ಮನ್ನು ಪ್ರೀತಿಸುವ ಒಡೆಯ, ಅಲ್ಲದೆ ನೀವು ಕುರಿಗಳೇ ಅಲ್ಲ, ನೀನು ಸಿಂಹ, ನೀನು ಹದ್ದು, ನೀನು ಮಾಂತ್ರಿಕ. ಕುರಿಗಳು ಓಡಿಹೋಗುವುದನ್ನು ಬಿಟ್ಟವು. ಕಥೆ ಮುಗಿದ ಮೇಲೆ ‘ನಿಮ್ಮ ಗುಂಪಿನಲ್ಲಿ ಬೇಲಿ ಏನಿದೆ?’ ಅಂತ ಮೆಲ್ಲಗೆ ಕೇಳಿ ಸುಮ್ಮನಾಗಿ. ಉತ್ತರ ಆವತ್ತೇ ಬರಬೇಕು ಅಂತಿಲ್ಲ.

ಪುಸ್ತಕ ಎಸೆಯಬೇಡಿ ಅಂದದ್ದು ಇದಕ್ಕೇ. ಅವರನ್ನು ಆ ಗುಂಪಿನ ಕೈಯಿಂದ ಬಿಡಿಸುವ ಕತ್ತರಿ ಇದ್ದರೆ ಅದೇ ಪುಸ್ತಕದಲ್ಲಿದೆ. ಎಸೆದರೆ ನೀವು ‘ನಿದ್ದೆಯಲ್ಲಿರುವವಳು’ ಅನ್ನುವುದು ಅವರ ಪಾಲಿಗೆ ಸಾಬೀತಾದ ಹಾಗೆ. ‘ನಾನು ಬೇಕಾ, ಗುಂಪು ಬೇಕಾ’ ಅನ್ನುವುದರಲ್ಲೂ ಅದೇ ಅಪಾಯ, ಗುಂಪು ಅಂದುಬಿಟ್ಟರೆ ಏನು ಮಾಡುತ್ತೀರಿ? ನಿಜವಾಗಿ ಹೊರಡಲು ಸಿದ್ಧ ಇದ್ದರೆ ಮಾತ್ರ ಆ ಮಾತಾಡಿ. ಒಂದೆರಡು ಸಲ ನೀವೂ ಜೊತೆಗೆ ಹೋಗಿ ನೋಡುವುದು ಒಳ್ಳೆಯ ದಾರಿ, ಮನೆಯವರು ನೋಡಬಾರದು ಅನ್ನುವ ಗುಂಪಾದರೆ ಅಷ್ಟರಿಂದಲೇ ಬೇಕಾದ್ದು ಗೊತ್ತಾಯಿತು. ಇದರಲ್ಲೂ ಒಂದು ತೊಡಕಿದೆ. ನನ್ನ ಹತ್ತಿರ ಬಂದಿದ್ದ ಒಬ್ಬರು ಗಂಡನನ್ನು ಕರೆತರಲು ಹೋಗಿ ತಾವೇ ಮೂರು ವರ್ಷ ಉಳಿದುಬಿಟ್ಟಿದ್ದರು. ಸಹಿ, ಫೋಟೋ, ದೀಕ್ಷೆ ಏನೂ ಬೇಡ, ನೋಡಿ ಬನ್ನಿ.

ಹಣದ ವಿಷಯದಲ್ಲಿ ಮಾತ್ರ ಮೆಲ್ಲಗೆ ಹೋಗಬೇಡಿ. ಮನೆ ಖರ್ಚು, ಮಗಳ ಓದು, ಸಾಲದ ಕಂತು ಇವಕ್ಕೆ ಬೇಕಾದ ಹಣ ಮೊದಲು ಎತ್ತಿಟ್ಟಿರಲಿ, ನಿಮ್ಮ ಸಹಿ ಇಲ್ಲದೆ ಆಸ್ತಿ ಅಥವಾ ಜಂಟಿ ಖಾತೆ ಮುಟ್ಟುವಂತಿಲ್ಲ ಅಂತ ಈಗಲೇ ಮಾತಾಡಿಕೊಳ್ಳಿ. ಸಂಸಾರ ಬಿಡದೆ ನಡೆಯುವ ದಾರಿ ತಾನೇ ಅದು.

ಇನ್ನು ‘ಹುಚ್ಚು’. ನೀವು ಬರೆದಷ್ಟರಲ್ಲಿ ನನಗೆ ಹುಚ್ಚು ಕಾಣಲಿಲ್ಲ. ಐದು ಸೆಕೆಂಡ್ ತಡೆದು ತಿರುಗುವುದು ಅಭ್ಯಾಸದ ಅತಿರೇಕ. ನನಗೆ ಚಿಂತೆ ಹಚ್ಚಿದ್ದು ಮೂರೂವರೆ. ನಿದ್ದೆ ಕಡಿಮೆ ಮಾಡಿ ದಿನವಿಡೀ ತನ್ನನ್ನು ತಾನು ನೋಡುತ್ತಾ ಕೂತರೆ ಕೆಲವರಿಗೆ ಕೈ ನನ್ನದಲ್ಲ, ಮಾತು ದೂರದಿಂದ ಬರುತ್ತಿದೆ, ಎದುರಿಗಿನದು ಗಾಜಿನಾಚೆ ಇದೆ ಅನಿಸಲು ಶುರುವಾಗುತ್ತದೆ. ಗುಂಪಿನಲ್ಲಿ ಇದನ್ನು ‘ಪ್ರಗತಿ’ ಅನ್ನಬಹುದು, ನಾವು ಡೀಪರ್ಸನಲೈಸೇಶನ್ ಅನ್ನುತ್ತೇವೆ. ಅಭ್ಯಾಸ ನಿಲ್ಲಿಸಿ ಚೆನ್ನಾಗಿ ನಿದ್ದೆ ಮಾಡಿದರೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ, ಆಗದಿದ್ದರೆ ವೈದ್ಯರು ಬೇಕು. ಮೂರು ಗಂಟೆ ಮಲಗಿಯೂ ಆಯಾಸವೇ ಇಲ್ಲದೆ ಓಡಾಡುವುದು, ಮಾತು ನಿಲ್ಲದಿರುವುದು, ಕೈಗೆ ಬಂದಂತೆ ಖರ್ಚು, ತನಗೊಂದು ವಿಶೇಷ ಕಾರ್ಯ ವಹಿಸಲಾಗಿದೆ ಅನ್ನುವ ಮಾತು, ಯಾರಿಗೂ ಕೇಳದ ದನಿ ಕೇಳುವುದು, ಸಾಯುವ ಮಾತು, ಇವುಗಳಲ್ಲಿ ಒಂದು ಕಂಡರೂ ಆ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುಂಪಿನವರ ಒಪ್ಪಿಗೆ ಕೇಳುತ್ತಾ ಕೂರಬೇಡಿ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಅತಿ ಉತ್ಸಾಹ, ಅತಿ ಖಿನ್ನತೆ ಸರದಿಯಲ್ಲಿ ಬರುವಂಥದ್ದು) ಇದ್ದರೆ ಇನ್ನೂ ಜಾಸ್ತಿ ಎಚ್ಚರ.

ಅಲ್ಲಿಯವರೆಗೆ ಒಂದು ಸಣ್ಣ ಕೆಲಸ. ಎರಡು ವಾರ ಅವರು ಮಲಗಿದ ಹೊತ್ತು, ಎದ್ದ ಹೊತ್ತು ಒಂದು ಕಾಗದದಲ್ಲಿ ಬರೆದಿಡಿ, ಕದ್ದು ಅಲ್ಲ, ಅವರಿಗೆ ಹೇಳಿಯೇ. ಆ ಕಾಗದ ತೆಗೆದುಕೊಂಡು ಇಬ್ಬರೂ ಒಬ್ಬ ಮನೋವೈದ್ಯರನ್ನು ನೋಡಿ. ಅವರು ಬರಲ್ಲ ಅಂದರೆ ನೀವೊಬ್ಬರೇ ಹೋಗಿ, ಅವರ ಸಲುವಾಗಿ ಅಲ್ಲ. ಒಂದೂವರೆ ವರ್ಷದಿಂದ ಮನೆಯಲ್ಲಿ ‘ಯಂತ್ರ’ ಅನ್ನಿಸಿಕೊಂಡು ಬದುಕಿದ್ದೀರಿ, ಮೂರೂವರೆಗೆ ಅವರು ಎದ್ದಾಗ ನಿಮಗೂ ಎಚ್ಚರ ಆಗುತ್ತಿರಬೇಕು. ನಿಮ್ಮ ನಿದ್ದೆ ಹೇಗಿದೆ ಅಂತ ಇಡೀ ಪತ್ರದಲ್ಲಿ ಎಲ್ಲೂ ಬರೆದಿಲ್ಲ.